ಕುರಿ ಕಾಯೋದು ವಿದ್ಯೆ, ಶಿಕ್ಷೆ ಅಲ್ಲ

ಎಲ್ಲರಿಗೂ ನಮಸ್ಕಾರ. ಇವತ್ತು ನೇರವಾಗಿ ವಿಷಯಕ್ಕೆ ಬರುತ್ತೇನೆ. ಮೂರು ದಿನದಿಂದ ಒಂದು ಕಾಮೆಂಟು ತಲೆಯಲ್ಲೇ ಕೂತುಬಿಟ್ಟಿದೆ.

ಹೋದ ವಾರ ಮಲೇಬೆನ್ನೂರು ಕಡೆಯ ಕುರಿ ಮಂದೆಯೊಂದರ ವಿಡಿಯೊ ಹಾಕಿದ್ದೆ, ನೆನಪಿದೆ ಅಲ್ವಾ? ಭತ್ತ ಕೊಯ್ದ ಗದ್ದೆ, ಪಕ್ಕದಲ್ಲಿ ಭದ್ರಾ ನಾಲೆ, ಚಳ್ಳಕೆರೆ ಸೀಮೆಯಿಂದ ನಡೆದುಕೊಂಡೇ ಬಂದ ಕುರಿಗಾರರು. ಈ ಕಸುಬನ್ನು ಪರಂಪರೆ ಅಂತ ಗುರುತಿಸಿ ಉಳಿಸಬೇಕು ಅಂತ ಕೊನೆಯಲ್ಲಿ ಹೇಳಿದ್ದೆ. ಅದಕ್ಕೆ ಒಬ್ಬರು ಬರೆದಿದ್ದಾರೆ: "ಓದು ಹತ್ತದವರು ಕುರಿ ಕಾಯುತ್ತಾರೆ. ಇದರಲ್ಲಿ ಪರಂಪರೆ ಏನು ಬಂತು ಸಾರ್?" ಆ ಮಾತಿಗೆ ಲೈಕುಗಳೂ ಬಿದ್ದಿವೆ.

ಸಿಟ್ಟು ಬಂತು. ಆದರೆ ಇದು ಅವರೊಬ್ಬರ ಮಾತಲ್ಲ. ನಾವೆಲ್ಲ ಇದನ್ನು ಕೇಳಿಕೊಂಡೇ ಬೆಳೆದವರು. ಮಗ್ಗಿ ತಪ್ಪಿದರೆ ಮೇಷ್ಟ್ರು ಏನು ಹೇಳುತ್ತಿದ್ದರು? "ಹೋಗು, ಕುರಿ ಕಾಯೋಕೆ ಹೋಗು." ನನ್ನ ಪಕ್ಕ ಕೂರುತ್ತಿದ್ದ ಹುಡುಗ ಕುರಿಗಾರರ ಮನೆಯವನು. ಆ ಮಾತು ಬಂದಾಗಲೆಲ್ಲ ಇಡೀ ಕ್ಲಾಸು ಅವನ ಕಡೆ ತಿರುಗಿ ನಗುತ್ತಿತ್ತು. ಅವನು ತಲೆ ತಗ್ಗಿಸಿ ಸ್ಲೇಟು ಒರೆಸುತ್ತಿದ್ದ. ಸ್ಲೇಟಿನಲ್ಲಿ ಏನೂ ಬರೆದಿರುತ್ತಿರಲಿಲ್ಲ.

ಕುರಿ ಕಾಯೋದು ಒಂದು ವಿದ್ಯೆ. ಇವತ್ತು ನಾನು ಹೇಳೋದು ಇದೊಂದೇ.

ವಿಡಿಯೊದಲ್ಲಿ ಹಾಕದ ಒಂದು ವಿಷಯ ಹೇಳುತ್ತೇನೆ. ಹೊತ್ತು ಮುಳುಗುತ್ತಿತ್ತು. ಗದ್ದೆಯಲ್ಲಿ ಗೂಟ ನೆಟ್ಟು, ಬಲೆ ಕಟ್ಟಿ, ಇನ್ನೂರಕ್ಕಿಂತ ಜಾಸ್ತಿ ಕುರಿಗಳನ್ನು ಒಳಗೆ ಬಿಡುತ್ತಿದ್ದರು. ಧೂಳು ಅಂದರೆ ಧೂಳು, ನನಗೆ ಮುಂದಿನ ಕುರಿಯೇ ಸರಿಯಾಗಿ ಕಾಣುತ್ತಿರಲಿಲ್ಲ. ಮಂದೆಯ ಅಜ್ಜ ಬೀಡಿ ಹಚ್ಚೋಕೆ ಹೋದವರು ಕಡ್ಡಿ ಹಾಗೇ ಹಿಡಿದು ಮೊಮ್ಮಗನನ್ನು ಕೂಗಿದರು: "ಆ ಮೊಂಡಗಿವೀದು ಬಂದಿಲ್ಲ, ನೋಡ್ಹೋಗಲೇ." ಹುಡುಗ ನಾಲೆಯ ಏರಿ ಹತ್ತಿ ಓಡಿದ. ಆ ಕುರಿ ಜಾಲಿ ಪೊದೆಗೆ ಉಣ್ಣೆ ಸಿಕ್ಕಿಸಿಕೊಂಡು ನಿಂತಿತ್ತು. ನಾನು ಕೇಳಿದೆ, "ಅಜ್ಜಾ, ಯಾವಾಗ ಎಣಿಸಿದ್ರಿ?" ಅಜ್ಜ ಹೇಳಿದರು: "ಎಣ್ಸೋದೇನೈತಪ್ಪ. ಇಲ್ಲದ್ದು ಕಣ್ಣಿಗೆ ಕಾಣ್ತೈತಿ."

ಇರೋದನ್ನು ನೋಡೋಕೆ ನಮಗೂ ಬರುತ್ತೆ. ಇಲ್ಲದ್ದನ್ನು ನೋಡೋದು ವಿದ್ಯೆ.

ಅದೇ ರಾತ್ರಿ ತಾಯಿ ಸತ್ತ ಒಂದು ಮರಿ ಇತ್ತು. ಬೇರೆ ಕುರಿ ಅದಕ್ಕೆ ಹಾಲು ಕೊಡೋದಿಲ್ಲ, ಮೂಸಿ ನೋಡಿ ಒದ್ದುಬಿಡುತ್ತದೆ. ಅಜ್ಜ ಒಂದು ಈದ ಕುರಿಯ ಹಾಲು ಕರೆದು ಮರಿಯ ಬೆನ್ನಿಗೆ, ಬಾಲದ ಬುಡಕ್ಕೆ ಸವರಿದರು. ಕುರಿಯ ಕುತ್ತಿಗೆಯನ್ನು ಮೊಣಕಾಲ ನಡುವೆ ಹಿಡಿದು ಮರಿಯನ್ನು ಅದರ ಮೂಗಿಗೆ ಹಿಡಿದರು. ಎರಡು ಸಲ ಒದೆಯಿತು. ಮೂರನೇ ಸಲ ನೆಕ್ಕಿತು. ಅಜ್ಜ ಮರಿಯನ್ನು ಕೆಚ್ಚಲಿಗೆ ಬಿಟ್ಟು ಕೈ ಒರೆಸಿಕೊಂಡು ಎದ್ದರು, ಏನೂ ಆಗದವರ ಹಾಗೆ.

ಇದನ್ನು ಯಾವ ಕ್ಲಾಸಿನಲ್ಲಿ ಕಲಿಸುತ್ತಾರೆ ಹೇಳಿ?

ಈಗ ಪರಂಪರೆ ಏನು ಬಂತು ಅನ್ನೋ ಪ್ರಶ್ನೆಗೆ ಬರೋಣ. 2003ರಲ್ಲಿ ಯುನೆಸ್ಕೊ ಒಂದು ಒಪ್ಪಂದ ಮಾಡಿತು. ಕೋಟೆ, ಗುಡಿ, ಶಾಸನ ಮಾತ್ರ ಪರಂಪರೆಯಲ್ಲ; ಕೈಯಲ್ಲಿ, ಬಾಯಲ್ಲಿ, ನಡೆಯಲ್ಲಿ ಉಳಿದಿರುವುದೂ ಪರಂಪರೆಯೇ ಅಂತ. ಪ್ರಕೃತಿಯ ಬಗ್ಗೆ ಜನರಿಗಿರುವ ತಿಳಿವಳಿಕೆಯನ್ನೂ ಆ ಒಪ್ಪಂದದಲ್ಲೇ ಸೇರಿಸಿದ್ದಾರೆ. ಆಲ್ಪ್ಸ್ ಬೆಟ್ಟಗಳಲ್ಲಿ, ಮೆಡಿಟರೇನಿಯನ್ ಸೀಮೆಯಲ್ಲಿ ಕಾಲಕ್ಕೆ ತಕ್ಕ ಹಾಗೆ ಕುರಿ ಹೊಡೆದುಕೊಂಡು ಹೋಗುವ ಪದ್ಧತಿ 2019ರಲ್ಲಿ ಯುನೆಸ್ಕೊದ ಪರಂಪರೆ ಪಟ್ಟಿ ಸೇರಿತು. ಆಸ್ಟ್ರಿಯಾ, ಗ್ರೀಸ್, ಇಟಲಿ ಮೂರೂ ದೇಶ ಸೇರಿ ಕೇಳಿದ್ದವು. 2023ರಲ್ಲಿ ಸ್ಪೇನ್, ಫ್ರಾನ್ಸ್, ರೊಮೇನಿಯಾ, ಅಲ್ಬೇನಿಯಾ ಇನ್ನೂ ಕೆಲವು ದೇಶಗಳು ಸೇರಿಕೊಂಡವು. ನಮ್ಮ ದೇಶದಿಂದ ಯೋಗ ಇದೆ, ಕೋಲ್ಕತ್ತದ ದುರ್ಗಾಪೂಜೆ ಇದೆ, ಗರ್ಬಾ ಇದೆ, 2025ರಲ್ಲಿ ದೀಪಾವಳಿಯೂ ಸೇರಿತು. ಎಲ್ಲವೂ ಸಂತೋಷವೇ. ಆದರೆ ಕುರಿಗಾರ ಎಲ್ಲಿ? ಧೌಲಾಧಾರ್ ಬೆಟ್ಟಸಾಲು ದಾಟಿ ಲಾಹೌಲ್‌ಗೆ ಕುರಿ ಹೊಡೆಯುವ ಹಿಮಾಚಲದ ಗದ್ದಿಗಳು ಎಲ್ಲಿ? ನಮ್ಮ ಕುರುಬರು, ಕಾಡುಗೊಲ್ಲರು ಎಲ್ಲಿ?

ಸ್ಪೇನ್ ಕಥೆ ಕೇಳಿ. 1273ರಲ್ಲೇ ಅಲ್ಲಿನ ರಾಜ ಕುರಿಗಾರರ ಸಂಘಕ್ಕೆ ರಕ್ಷಣೆ ಕೊಟ್ಟ. 1995ರಲ್ಲಿ ಕುರಿ ನಡೆಯುವ ದಾರಿಗಳು ಸಾರ್ವಜನಿಕ ಆಸ್ತಿ, ಯಾರೂ ಮುಟ್ಟುವ ಹಾಗಿಲ್ಲ ಅಂತ ಕಾನೂನು ಮಾಡಿದರು. ಈಗಲೂ ಹಬ್ಬದ ದಿನ ರಾಜಧಾನಿ ಮ್ಯಾಡ್ರಿಡ್‌ನ ನಡು ಬೀದಿಯಲ್ಲೇ ಕುರಿ ಹಿಂಡು ಹೋಗುತ್ತದೆ. ಜನ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ನೋಡುತ್ತಾರೆ. ನಮ್ಮಲ್ಲಿ? ಹರಿಹರ ರಸ್ತೆಯಲ್ಲಿ ಎರಡು ನಿಮಿಷ ಕುರಿ ಅಡ್ಡ ಬಂದರೆ ಹಾರ್ನ್ ಒತ್ತಿದ ಕೈ ತೆಗೆಯೋದಿಲ್ಲ. ಮರಿಗಳು ಬೆದರಿ ದಿಕ್ಕಾಪಾಲಾಗಿ ಓಡುತ್ತವೆ. ನಾನು ಕಣ್ಣಾರೆ ನೋಡಿದ್ದೇನೆ.

ಅಂದಹಾಗೆ, ಬೆಣ್ಣೆ ದೋಸೆ ವಿಡಿಯೊ ನೋಡಿ ಚಾನೆಲ್‌ಗೆ ಬಂದವರೇ ಇಲ್ಲಿ ಜಾಸ್ತಿ ಇದ್ದೀರಿ. ನಿಮಗೆಲ್ಲ ಸ್ವಾಗತ. ಇನ್ನೂ ಸಬ್‌ಸ್ಕ್ರೈಬ್ ಆಗಿಲ್ಲದಿದ್ದರೆ ಆಗಿ, ಈ ವಿಡಿಯೊವನ್ನು ಒಬ್ಬ ಮೇಷ್ಟ್ರಿಗಾದರೂ ಕಳಿಸಿ.

ಇನ್ನು ಚಳ್ಳಕೆರೆ ಕಂಬಳಿ. ರಾಜಕಾರಣಿ ಬಂದರೆ ಹೆಗಲಿಗೆ ಕಂಬಳಿ ಹೊದಿಸಿ ಫೋಟೊ ತೆಗೆಸಿಕೊಳ್ಳುತ್ತಾರೆ. ಆ ಕಂಬಳಿ ಹಿಂದೆ ಎಷ್ಟು ಕೈಗಳಿವೆ ಗೊತ್ತಾ? ಉಣ್ಣೆ ಕತ್ತರಿಸಬೇಕು, ಹಿಂಜಬೇಕು, ಹೆಂಗಸರು ರಾಟೆಯಲ್ಲಿ ನೂಲಬೇಕು, ನೂಲಿಗೆ ಹುಣಸೆ ಬೀಜದ ಗಂಜಿ ಹಾಕಬೇಕು, ಗುಂಡಿ ಮಗ್ಗದಲ್ಲಿ ನೇಯಬೇಕು. ಅದೇ ಕಂಬಳಿ ಮಳೆಯಲ್ಲಿ ಕೊಪ್ಪೆ, ರಾತ್ರಿ ಹಾಸಿಗೆ, ಪೂಜೆಗೆ ಗದ್ದುಗೆ. ಕುರಿ ನಡೆಯೋದು ನಿಂತರೆ ಇದೆಲ್ಲ ಒಟ್ಟಿಗೇ ನಿಲ್ಲುತ್ತದೆ. ಕಾಡುಗೊಲ್ಲರು ಗಣೆ ಅನ್ನೋ ಬಿದಿರ ಕೊಳಲು ಊದಿ ತಮ್ಮ ದೈವ ಜುಂಜಪ್ಪನ ಪದ ಹಾಡುತ್ತಾರೆ. ಕುರಿ, ದನ ಕಾಯುವವರೇ ಇಲ್ಲದ ಹಟ್ಟಿಯಲ್ಲಿ ಆ ಪದ ಯಾರಿಗೆ ಬೇಕು?

"ಶೆಡ್‌ನಲ್ಲಿ ಸಾಕಿದರೆ ಲಾಭ ಜಾಸ್ತಿ" ಅಂತಾರೆ. ಸಾಕಲಿ. ಶೆಡ್‌ನಲ್ಲಿ ಮಾಂಸ ಬೆಳೆಯುತ್ತದೆ, ವಿದ್ಯೆ ಬೆಳೆಯೋದಿಲ್ಲ. ಮಲೇಬೆನ್ನೂರಿನ ರೈತರು ಕಾದಿದ್ದು ಮಂದೆ ನಿಲ್ಲಿಸಿ ಗದ್ದೆಗೆ ಗೊಬ್ಬರ ಮಾಡಿಸಿಕೊಳ್ಳೋಕೆ. ಶೆಡ್ಡು ನಡೆದು ಗದ್ದೆಗೆ ಬರುತ್ತದಾ?

"ಕುರಿ ಕಾಡು ಹಾಳು ಮಾಡುತ್ತೆ" ಅಂತಾರೆ. ಚಳ್ಳಕೆರೆಯ ಅಮೃತಮಹಲ್ ಕಾವಲು ನೋಡಿ ಬನ್ನಿ. ದನ ಕುರಿ ಮೇಯುತ್ತಿದ್ದ ಸಾವಿರಾರು ಎಕರೆ ಹುಲ್ಲುಗಾವಲನ್ನು ದೊಡ್ಡ ದೊಡ್ಡ ಸಂಸ್ಥೆಗಳಿಗೆ ಕೊಟ್ಟು ಬೇಲಿ, ಗೋಡೆ ಹಾಕಿದ್ದಾರೆ. ಆ ಹುಲ್ಲು ಕುರಿ ತಿಂದು ಮುಗಿದದ್ದಾ? 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಅಲೆಮಾರಿ ಪಶುಪಾಲಕರಿಗೆ ಕಾಲಕಾಲಕ್ಕೆ ಮೇಯಿಸುವ ಹಕ್ಕು ಬರೆದಿದೆ. ಆ ಹಾಳೆಯನ್ನು ಹಿಡಿದು ಕುರಿಗಾರ ಯಾವ ಗೇಟಿನ ಮುಂದೆ ನಿಲ್ಲಬೇಕು?

"ಅವರ ಮಕ್ಕಳು ಓದಬಾರದಾ?" ಇದು ಎಲ್ಲಕ್ಕಿಂತ ಸಿಟ್ಟು ಬರಿಸುವ ಮಾತು. ಓದಲಿ ಸ್ವಾಮಿ! ಡಾಕ್ಟರ್ ಆಗಲಿ, ಡೀಸಿ ಆಗಲಿ. ಓದೋಕೆ ಅಜ್ಜನ ಬಗ್ಗೆ ನಾಚಿಕೆ ಪಡಲೇಬೇಕು ಅಂತ ಯಾರು ಹೇಳಿದ್ದು? ಆ ನಾಚಿಕೆ ಕಲಿಸಿದ್ದು ನಾವು. ವಿದ್ಯೆಯನ್ನು ಶಿಕ್ಷೆ ಮಾಡಿದ್ದು ನಾವು.

ಈ 2026ನ್ನು ವಿಶ್ವಸಂಸ್ಥೆ ಹುಲ್ಲುಗಾವಲು ಮತ್ತು ಪಶುಪಾಲಕರ ವರ್ಷ ಅಂತ ಘೋಷಿಸಿದೆ. ಇಡೀ ಜಗತ್ತು ಹೇಳುತ್ತಿದೆ. ಇನ್ನೇನು ಬೇಕು? ವಿದ್ಯೆ ರೀ ಇದು, ವಿದ್ಯೆ! ಎಷ್ಟು ಸಲ ಹೇಳಲಿ?

ಮುಂದಿನ ವಾರ ಚಳ್ಳಕೆರೆಗೆ ಹೋಗುತ್ತಿದ್ದೇನೆ. ಕಂಬಳಿ ನೇಯುವವರ ಮನೆಯಿಂದಲೇ ವಿಡಿಯೊ ಬರುತ್ತದೆ, ಬೆಲ್ ಒತ್ತಿ ಇಟ್ಟುಕೊಳ್ಳಿ.

ಕಾಮೆಂಟ್ ಹಾಕಿದ ಸಾರ್, ನಿಮಗೊಂದು ಮಾತು. ಅಜ್ಜನ ಮಂದೆ ಇನ್ನೂ ಹತ್ತು ದಿನ ಮಲೇಬೆನ್ನೂರಿನ ಕಡೆಯೇ ಇರುತ್ತದೆ. ಒಂದು ದಿನ ಬನ್ನಿ, ಬಸ್ ಚಾರ್ಜು ನನ್ನದು. ಬೆಳಿಗ್ಗೆಯಿಂದ ಬೇಕಾದಷ್ಟು ನೋಡಿಕೊಳ್ಳಿ, ಬೇಕಾದರೆ ಫೋಟೊ ತೆಗೆದಿಟ್ಟುಕೊಳ್ಳಿ. ಸಂಜೆ ಬಲೆ ಕಟ್ಟುವ ಹೊತ್ತಿಗೆ ಒಂದು ಕುರಿಯನ್ನು ಏರಿ ಹಿಂದೆ ಕಟ್ಟಿ ಬರುತ್ತೇವೆ. ಯಾವುದು ಬಂದಿಲ್ಲ, ನೀವು ಹೇಳಿ.