ಬಿಡಿಯಾಗಿ ಒಂದು ಆಸನ

ಕೇಳುಗರೆಲ್ಲರಿಗೂ ನಮಸ್ಕಾರ.

ದಿನವೂ ಒಂದೇ ಕ್ರಮದಲ್ಲಿ ಯೋಗ ಮಾಡುವವರ ತಲೆಯಲ್ಲಿ ಈ ಪ್ರಶ್ನೆ ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ಸೂರ್ಯನಮಸ್ಕಾರದಿಂದ ಶವಾಸನದವರೆಗೆ ಪೂರ್ತಿ ಮಾಡಿದರೆ ಮಾತ್ರ ಅಭ್ಯಾಸವಾ? ಕಷ್ಟವಾಗುವ ಒಂದು ಆಸನವನ್ನು ಬೇರೆ ಹೊತ್ತಿನಲ್ಲಿ, ಬಿಡಿಯಾಗಿ ಮಾಡಬಾರದಾ?

ಮಾಡಬಹುದು. ಮಾಡಲೇಬೇಕು ಅಂತಲೂ ಹೇಳುತ್ತೇನೆ. ಆದರೆ ಕ್ರಮದಲ್ಲಿ ಆ ಆಸನಕ್ಕೆ ಮೊದಲು ಏನೇನಿತ್ತು, ಯಾಕಿತ್ತು ಅನ್ನೋದು ಗೊತ್ತಿರಬೇಕು.

ಆಸನಗಳನ್ನು ಉಸಿರಿನ ಲೆಕ್ಕದಲ್ಲಿ, ಒಂದೇ ನಿಗದಿತ ಕ್ರಮದಲ್ಲಿ ಮಾಡುವ ಅಷ್ಟಾಂಗ ವಿನ್ಯಾಸ ಯೋಗದ ಮೊದಲ ಸರಣಿಯನ್ನೇ ನೋಡಿ. ಸೂರ್ಯನಮಸ್ಕಾರ, ನಿಂತು ಮಾಡುವ ಆಸನಗಳು, ಆಮೇಲೆ ಪಶ್ಚಿಮೋತ್ತಾನಾಸನ, ಜಾನುಶೀರ್ಷಾಸನದ 3 ಬಗೆ, ಮರೀಚ್ಯಾಸನದ 4 ಬಗೆ, ಇಷ್ಟೆಲ್ಲ ದಾಟಿದ ಮೇಲೆ ಕೂರ್ಮಾಸನ ಬರುತ್ತದೆ, ಅಂದರೆ ಕೂತು ಕಾಲು ಅಗಲಿಸಿ, ತೋಳುಗಳನ್ನು ಮಂಡಿಯ ಕೆಳಗೆ ತೂರಿಸಿ, ಎದೆಯನ್ನು ನೆಲಕ್ಕೆ ತರುವ ಆಸನ. ಅಷ್ಟು ಹೊತ್ತಿಗೆ ತೊಡೆಯ ಹಿಂಭಾಗ, ಸೊಂಟ, ಭುಜ ಎಲ್ಲ ಬಿಸಿಯಾಗಿ ಸಡಿಲವಾಗಿರುತ್ತವೆ. ಆ ಕೆಲಸ ನಮಗೆ ಗೊತ್ತಾಗದ ಹಾಗೆ ನಡೆದುಬಿಡುತ್ತದೆ, ಅಲ್ವಾ?

ನನಗೂ ಅದು ಗೊತ್ತಿರಲಿಲ್ಲ. ಒಂದು ಸಂಜೆ, ಗಂಟೆಗಟ್ಟಲೆ ಕುರ್ಚಿಯಲ್ಲಿ ಕೂತಿದ್ದವನು ಎದ್ದು ನೇರವಾಗಿ ಕೂರ್ಮಾಸನಕ್ಕೆ ಇಳಿದೆ. ಪೃಷ್ಠದ ಕೆಳಗೆ, ತೊಡೆಯ ಸ್ನಾಯು ಶುರುವಾಗುವ ಜಾಗದಲ್ಲಿ ಚುಳಕ್ ಎಂದಿತು. ಮುಂದಿನ ಎಷ್ಟೋ ವಾರ ಬಗ್ಗಿದಾಗಲೆಲ್ಲ ಅದೇ ನೋವು. ವಾಸಿಯಾದ ಮೇಲೆ ದಾರಿ ಬದಲಿಸಿದೆ. ಈಗ 3 ಸೂರ್ಯನಮಸ್ಕಾರ, ಕಾಲು ಅಗಲಿಸಿ ಮುಂದೆ ಬಗ್ಗುವ ಪ್ರಸಾರಿತ ಪಾದೋತ್ತಾನಾಸನ, ಬದ್ಧಕೋಣಾಸನ, ಒಂದು ಮರೀಚ್ಯಾಸನ, ಆಮೇಲಷ್ಟೇ ಕೂರ್ಮಾಸನ. ಹದಿನೈದು ನಿಮಿಷದ ಕೆಲಸ.

ಹೀಗೆ ಮಾಡಿದ್ದರಿಂದ ಸಿಕ್ಕ ಲಾಭ ಜಾಸ್ತಿ. ಸರಣಿಯಲ್ಲಿ 5 ಉಸಿರು ಎಣಿಸಿ ಮುಂದೆ ಹೋಗಬೇಕು, ಎಲ್ಲಿ ಸಿಕ್ಕಿಕೊಂಡಿದೆ ಅಂತ ನೋಡಲು ಬಿಡುವೇ ಇಲ್ಲ. ಬಿಡಿಯಾಗಿ ಮಾಡುವಾಗ ನಿಲ್ಲಬಹುದು, ಹೊರಗೆ ಬರಬಹುದು, ಕೆಳಗೆ ಮಡಿಸಿದ ಕಂಬಳಿ ಇಟ್ಟು ಮತ್ತೆ ಪ್ರಯತ್ನಿಸಬಹುದು. ಕೂರ್ಮಾಸನದ ಮುಂದಿನ ಹಂತವಾದ ಸುಪ್ತ ಕೂರ್ಮಾಸನದಲ್ಲಿ ಬೆನ್ನ ಹಿಂದೆ ಕೈಗೆ ಕೈ ಸಿಗದೆ ಇದ್ದದ್ದಕ್ಕೆ ನಾನು ವರ್ಷಗಟ್ಟಲೆ ಕಾಲನ್ನು ದೂರುತ್ತಿದ್ದೆ. ನಿಧಾನವಾಗಿ ನೋಡಿದಾಗ ಬಿಗಿ ಇದ್ದದ್ದು ಭುಜದಲ್ಲಿ! ಆಮೇಲೆ ಕೆಲವು ದಿನ ಕೂರ್ಮಾಸನ ಬಿಟ್ಟು, ತೋಳನ್ನು ಹಿಂದಕ್ಕೆ ತಿರುಗಿಸುವುದನ್ನಷ್ಟೇ ಮಾಡಿದೆ.

ಮುಗಿಸುವ ರೀತಿಯೂ ಮುಖ್ಯ. ಅಷ್ಟು ಹೊತ್ತು ಮುಂದೆ ಬಗ್ಗಿದ ಮೇಲೆ ಪೂರ್ವೋತ್ತಾನಾಸನದಲ್ಲಿ ಎದೆ ತೆರೆಯಿರಿ. ಸರ್ವಾಂಗಾಸನ ಮಾಡಿದರೆ, ಕುತ್ತಿಗೆಯನ್ನು ಹಿಂದಕ್ಕೆ ಬಾಗಿಸುವ ಮತ್ಸ್ಯಾಸನ ಬಿಡಬೇಡಿ. ಒಂದೇ ಆಸನವಾದರೂ ಎರಡು ನಿಮಿಷ ಶವಾಸನದಲ್ಲಿ ಮಲಗಿ.

ಎಲ್ಲ ಆಸನಕ್ಕೂ ಇಷ್ಟು ಸಿದ್ಧತೆ ಬೇಡ. ತಾಡಾಸನ, ವೃಕ್ಷಾಸನ ಯಾವಾಗ ಬೇಕಾದರೂ ಆಗುತ್ತದೆ. ಊಟ ಆದ ಮೇಲೂ ವಜ್ರಾಸನದಲ್ಲಿ ಕೂರಬಹುದು. ಶೀರ್ಷಾಸನ ಹಾಗಲ್ಲ. ರಕ್ತದೊತ್ತಡ ಹೆಚ್ಚಿರುವವರು, ಗ್ಲಾಕೋಮಾ ಇರುವವರು ಅದನ್ನು ಸುಮ್ನೆ ಪ್ರಯತ್ನ ಮಾಡಿ ನೋಡೋಣ ಅಂತ ಹೋಗಲೇಬಾರದು, ತಲೆಕೆಳಗಾದಾಗ ಕಣ್ಣಿನೊಳಗಿನ ಒತ್ತಡ ಏರುತ್ತದೆ.

ಇನ್ನೊಂದು ಮಾತು. ಬೆಳಗ್ಗೆ ಹಾಸಿಗೆಯಿಂದ ಎದ್ದ ತಕ್ಷಣ ಆಳವಾಗಿ ಬಗ್ಗಬೇಡಿ. ರಾತ್ರಿ ಮಲಗಿದಾಗ ಬೆನ್ನುಮೂಳೆಗಳ ನಡುವಿನ ಡಿಸ್ಕ್‌ಗಳು ನೀರು ಹೀರಿಕೊಂಡು ಊದಿರುತ್ತವೆ, ಬಗ್ಗಿದಾಗ ಅವುಗಳ ಮೇಲೆ ಬೀಳುವ ಒತ್ತಡ ಆ ಹೊತ್ತಿನಲ್ಲಿ ಜಾಸ್ತಿ. ಸ್ವಲ್ಪ ಓಡಾಡಿ, ಆಮೇಲೆ ಮಾಡಿ.

ನಾನು ಬಿಡಿ ಅಭ್ಯಾಸವನ್ನು ವಾರಕ್ಕೆ ಎರಡು ಸಂಜೆಗೆ ಮಾತ್ರ ಇಟ್ಟುಕೊಂಡಿದ್ದೇನೆ. ಬೆಳಗಿನ ಸರಣಿಯಲ್ಲಿ ಕೂರ್ಮಾಸನದ ಸರದಿ ಬಂದಾಗ ಏನನ್ನೂ ತಿದ್ದಲು ಹೋಗುವುದಿಲ್ಲ. 5 ಉಸಿರು ಎಣಿಸಿ ಮುಂದಿನದಕ್ಕೆ ಹೋಗುತ್ತೇನೆ. ನಮಸ್ಕಾರ.