ಸಿಯಾವಶ್ ಎಂಬೊಂದು ಹೆಸರು

ಕೇಳುಗರಿಗೆ ನಮಸ್ಕಾರ.

ನಾವು ಲೇಖನಿಗೆ ತುಂಬುವ ಶಾಯಿಗೆ ಆ ಹೆಸರು ಬಂದದ್ದು ಪಾರಸಿಯಿಂದ. ಪಾರಸಿಯಲ್ಲಿ ‘ಸಿಯಾಹ್’ ಎಂದರೆ ಕಪ್ಪು, ‘ಸಿಯಾಹಿ’ ಎಂದರೆ ಕಪ್ಪುಬಣ್ಣ. ಆ ಸಿಯಾಹಿಯೇ ಬಾಯಿಂದ ಬಾಯಿಗೆ ಸವೆದು ನಮ್ಮಲ್ಲಿ ಶಾಯಿಯಾಗಿದೆ. ಇಂದು ನಾನು ಹೇಳಬೇಕೆಂದಿರುವ ಹೆಸರಿನ ಮೊದಲ ಭಾಗದಲ್ಲಿಯೂ ಇದೇ ಕಪ್ಪು ಇದೆ. ಅದು ಇರಾನಿನಲ್ಲಿ ಗಂಡುಮಕ್ಕಳಿಗೆ ಇಡುವ ಹೆಸರು, ಸಿಯಾವಶ್. ಆ ದೇಶದಲ್ಲಿ ಈ ಹೆಸರನ್ನು ಕೇಳದವರು ಇಲ್ಲವೆಂದೇ ಹೇಳಬಹುದು. ಆದರೆ ಅಲಿ, ಮೊಹಮ್ಮದ್, ಹುಸೇನ್ ಎಂಬ ಹೆಸರುಗಳು ಮನೆಮನೆಯಲ್ಲಿ ಇರುವಂತೆ ಸಿಯಾವಶ್ ಇಲ್ಲ. ಎಲ್ಲರಿಗೂ ಗೊತ್ತಿದ್ದು ಕೆಲವರೇ ಇಡುವ ಹೆಸರು ಇದು.

ಇದರ ಅತ್ಯಂತ ಹಳೆಯ ರೂಪ ಜರಥುಷ್ಟ್ರ ಮತದ ಪವಿತ್ರ ಗ್ರಂಥವಾದ ಅವೆಸ್ತಾದಲ್ಲಿ ಸಿಗುತ್ತದೆ. ಅಲ್ಲಿ ಇದು ‘ಸ್ಯಾವರ್ಶನ್’. ‘ಸ್ಯಾವ’ ಎಂದರೆ ಕಪ್ಪು. ಸಂಸ್ಕೃತದ ‘ಶ್ಯಾವ’ ಎಂಬ ಮಾತಿಗೆ ಇದು ಒಡಹುಟ್ಟು. ‘ಅರ್ಶನ್’ ಎಂದರೆ ಗಂಡು ಪ್ರಾಣಿ, ಇಲ್ಲಿ ಗಂಡು ಕುದುರೆ. ನಮ್ಮ ‘ಋಷಭ’ ಶಬ್ದದ ಬೇರು ಇದರ ಬೇರಿಗೆ ತಾಗಿಕೊಂಡೇ ಇದೆ. ಎರಡನ್ನೂ ಕೂಡಿಸಿದರೆ ‘ಕಪ್ಪು ಗಂಡುಕುದುರೆಗಳುಳ್ಳವನು’ ಎಂಬ ಅರ್ಥ ಬರುತ್ತದೆ. ಹಳೆಯ ಇರಾನಿನವರಿಗೆ ಸಾಕುಪ್ರಾಣಿಗಳ ಹೆಸರನ್ನು ಮಕ್ಕಳ ಹೆಸರಿನಲ್ಲಿ ಸೇರಿಸುವುದು ಹೆಮ್ಮೆಯ ಸಂಗತಿಯಾಗಿತ್ತು. ವಿಷ್ತಾಸ್ಪ, ಜಾಮಾಸ್ಪ ಎಂಬ ಹೆಸರುಗಳ ಕೊನೆಯಲ್ಲಿರುವ ‘ಅಸ್ಪ’ ನಮ್ಮ ‘ಅಶ್ವ’ವೇ, ಜರಥುಷ್ಟ್ರನ ಹೆಸರಿನಲ್ಲಿ ಇರುವುದು ಒಂಟೆ, ಅಂದರೆ ‘ಉಷ್ಟ್ರ’. ಈಗ ಕೆಲವರು ಸಿಯಾವಶ್ ಎಂದರೆ ಕಪ್ಪುಕಣ್ಣಿನವನು, ಕಪ್ಪುಕೂದಲಿನವನು ಎಂದು ಅರ್ಥ ಹೇಳುತ್ತಾರೆ. ಮಗುವಿನ ಮುಖ ನೋಡುತ್ತ ಕೂತ ತಾಯಿಗೆ ಆ ಅರ್ಥ ಹಿತವಾಗಿ ಕೇಳಿಸಬಹುದು, ಆದರೆ ಶಬ್ದದ ಚರಿತ್ರೆ ಹೇಳುವುದು ಕುದುರೆಯನ್ನೇ.

ಆದರೂ ಇರಾನಿನವರು ಈ ಹೆಸರು ಕೇಳಿದಾಗ ಅವರ ಮನಸ್ಸಿಗೆ ಮೊದಲು ಬರುವುದು ಕುದುರೆಯಲ್ಲ, ಬೆಂಕಿ. ಬೆಂಕಿಯ ನಂತರ ರಕ್ತ. ಅದಕ್ಕೆ ಕಾರಣ ತೂಸ್ ನಗರದ ಕವಿ ಫಿರ್ದೌಸಿ 1010ರಲ್ಲಿ ಮುಗಿಸಿದ ‘ಶಾಹನಾಮೆ’. ಆ ಮಹಾಕಾವ್ಯದಲ್ಲಿ ಸಿಯಾವಶ್ ದೊರೆ ಕೈಕಾವೂಸನ ಮಗ, ವೀರ ರುಸ್ತುಮನ ಮನೆಯಲ್ಲಿ ಬೆಳೆದು ವಿದ್ಯೆ ಕಲಿತ ಹುಡುಗ. ಅರಮನೆಗೆ ಮರಳಿದಾಗ ಮಲತಾಯಿ ಸೂದಾಬೆ ಅವನ ಮೇಲೆ ಮೋಹಗೊಳ್ಳುತ್ತಾಳೆ. ಅವನು ಒಪ್ಪದಿದ್ದಾಗ ಅವನೇ ತನ್ನ ಮೇಲೆ ಕೈಮಾಡಿದನೆಂದು ದೂರುತ್ತಾಳೆ. ಅಶೋಕನ ಮಗ ಕುಣಾಲನ ಕಥೆ ಬಲ್ಲವರಿಗೆ ಇದು ಪರಿಚಿತವೆನಿಸೀತು. ಸತ್ಯವನ್ನು ಪರೀಕ್ಷಿಸಲು ಎರಡು ಬೆಟ್ಟದಂಥ ಸೌದೆಯ ರಾಶಿಗಳಿಗೆ ಬೆಂಕಿ ಹಚ್ಚುತ್ತಾರೆ. ಬಿಳಿಯ ಉಡುಪು ತೊಟ್ಟ ಸಿಯಾವಶ್ ತನ್ನ ಕಪ್ಪು ಕುದುರೆಯನ್ನೇರಿ ಆ ಎರಡು ಉರಿಗಳ ನಡುವೆ ಹಾದು, ಬಟ್ಟೆಯ ಒಂದು ಎಳೆಯೂ ಸುಡದಂತೆ ಹೊರಗೆ ಬರುತ್ತಾನೆ. ಸೀತೆಯ ಅಗ್ನಿಪ್ರವೇಶವನ್ನು ಕೇಳುತ್ತ ಬೆಳೆದ ನಮಗೆ ಈ ದೃಶ್ಯವನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಹೊರಬಂದವನು ಮಾಡುವ ಮೊದಲ ಕೆಲಸ, ಮರಣದಂಡನೆಗೆ ಗುರಿಯಾದ ಸೂದಾಬೆಯನ್ನು ಕ್ಷಮಿಸೆಂದು ತಂದೆಯನ್ನು ಬೇಡಿಕೊಳ್ಳುವುದು.

ಇಷ್ಟಕ್ಕೇ ನಿಂತಿದ್ದರೆ ಅದು ಗೆದ್ದವನ ಕಥೆಯಾಗುತ್ತಿತ್ತು. ಮುಂದೆ ಇರಾನಿನ ಶತ್ರುದೇಶವಾದ ತೂರಾನಿನ ದೊರೆ ಅಫ್ರಾಸಿಯಾಬನ ಮೇಲೆ ದಂಡೆತ್ತಿ ಹೋದ ಸಿಯಾವಶ್, ಶತ್ರು ಸಂಧಿ ಬೇಡಿದಾಗ ನೂರು ಜನರನ್ನು ಒತ್ತೆಯಾಗಿ ಪಡೆದು ಮಾತು ಕೊಡುತ್ತಾನೆ. ಆ ಒತ್ತೆಯಾಳುಗಳನ್ನು ಕೊಲ್ಲಲು ಕಳುಹಿಸಿಕೊಡು ಎಂದು ತಂದೆಯ ಆಜ್ಞೆ ಬರುತ್ತದೆ. ಕೊಟ್ಟ ಮಾತನ್ನು ಮುರಿಯಲಾರದೆ ಅವನು ಅವರನ್ನೆಲ್ಲ ಮರಳಿ ಕಳುಹಿಸಿ, ತಾನೂ ಸ್ವದೇಶವನ್ನು ತೊರೆದು ಶತ್ರುವಿನ ನಾಡಿಗೇ ಹೋಗಿ ನೆಲೆಸುತ್ತಾನೆ. ಅಫ್ರಾಸಿಯಾಬನ ಮಗಳು ಫರಂಗಿಸಳನ್ನು ಮದುವೆಯಾಗುತ್ತಾನೆ, ಅಲ್ಲಿ ಒಂದು ನಗರವನ್ನು ಕಟ್ಟಿಸುತ್ತಾನೆ. ಕೊನೆಗೆ ಅಫ್ರಾಸಿಯಾಬನ ತಮ್ಮ ಗರ್ಸೀವಜ್ ಹೊಟ್ಟೆಕಿಚ್ಚಿನಿಂದ ಹೇಳಿದ ಚಾಡಿಗೆ ಬಲಿಯಾಗಿ, ಯಾವ ತಪ್ಪನ್ನೂ ಮಾಡದೆ ತಲೆ ಕಡಿಸಿಕೊಳ್ಳುತ್ತಾನೆ. ಅವನ ರಕ್ತ ಚೆಲ್ಲಿದ ಜಾಗದಲ್ಲಿ ಒಂದು ಗಿಡ ಹುಟ್ಟುತ್ತದೆ. ಅವನು ಸತ್ತ ಮೇಲೆ ಹುಟ್ಟುವ ಮಗ ಕೈಖುಸ್ರೋ ತಂದೆಯ ಸಾವಿಗೆ ಸೇಡು ತೀರಿಸುತ್ತಾನೆ. ಈ ಮಗನ ಹೆಸರೂ ಅವೆಸ್ತಾದಲ್ಲಿ ‘ಹಓಸ್ರವಹ್’ ಎಂದಿದ್ದು, ಸಂಸ್ಕೃತದ ‘ಸುಶ್ರವಸ್’ ಎಂಬ ಹೆಸರಿಗೆ ಸರಿಯಾಗಿ ಹೊಂದುತ್ತದೆ.

ಫಿರ್ದೌಸಿಗಿಂತ ಮೊದಲೇ ಈ ಸಾವಿಗಾಗಿ ಜನ ಅಳುತ್ತಿದ್ದರು ಎಂಬುದಕ್ಕೆ ಆಧಾರವಿದೆ. ಮಧ್ಯ ಏಷ್ಯಾದ ಬುಖಾರಾ ನಗರದ ಚರಿತ್ರೆಯನ್ನು 943ರ ಸುಮಾರಿಗೆ ಬರೆದ ನರ್ಶಖಿ, ಆ ನಗರದವರು ಸಿಯಾವಶನ ಕೊಲೆಯ ಬಗ್ಗೆ ಶೋಕಗೀತೆಗಳನ್ನು ಹಾಡುತ್ತಾರೆಂದೂ, ಅವನ ಸಮಾಧಿ ಇದೆಯೆಂದು ನಂಬಿದ ಕೋಟೆಬಾಗಿಲಿನ ಬಳಿ ಅಲ್ಲಿನ ಅಗ್ನಿಪೂಜಕರು ನೌರೋಜ್ ದಿನ ಸೂರ್ಯ ಹುಟ್ಟುವ ಮೊದಲೇ ತಲೆಗೊಂದರಂತೆ ಹುಂಜವನ್ನು ಬಲಿ ಕೊಡುತ್ತಾರೆಂದೂ ದಾಖಲಿಸಿದ್ದಾನೆ. ವರ್ಷದ ಮೊದಲ ಬೆಳಗಿನಲ್ಲಿ ಸತ್ತವನೊಬ್ಬನನ್ನು ನೆನೆಯುವ ಈ ಆಚರಣೆಯನ್ನೂ, ರಕ್ತದಿಂದ ಹುಟ್ಟಿದ ಗಿಡದ ಕಥೆಯನ್ನೂ ಒಟ್ಟಿಗೆ ನೋಡಿದಾಗ, ಚಳಿಗಾಲದಲ್ಲಿ ಸತ್ತು ವಸಂತದಲ್ಲಿ ಮರಳಿ ಚಿಗುರುವ ಹಸಿರಿನ ನಂಬಿಕೆಯೊಂದು ಈ ರಾಜಕುಮಾರನ ಹಿಂದೆ ಇದ್ದಿರಬೇಕು ಎಂಬ ವಿದ್ವಾಂಸರ ಊಹೆ ನನಗೆ ಸರಿಯೆನಿಸುತ್ತದೆ. ದಕ್ಷಿಣ ಇರಾನಿನಲ್ಲಿ ಈ ಶೋಕಾಚರಣೆಗಿದ್ದ ‘ಸವುಶೂನ್’ ಎಂಬ ಹೆಸರನ್ನೇ ಇರಾನಿನ ಲೇಖಕಿ ಸಿಮಿನ್ ದಾನೇಶ್ವರ್ 1969ರಲ್ಲಿ ತಮ್ಮ ಕಾದಂಬರಿಗೆ ಇಟ್ಟರು.

ಆ ಗಿಡದ ನೆನಪು ನಮ್ಮ ದೇಶದ ಯುನಾನಿ ಔಷಧದ ಅಂಗಡಿಗಳವರೆಗೂ ಬಂದಿದೆ. ನೀರು ಜಿನುಗುವ ಬಂಡೆಗಳ ಸಂದಿಯಲ್ಲಿ ಬೆಳೆಯುವ, ಕಪ್ಪು ಕಡ್ಡಿಯ, ನಾಜೂಕಾದ ಎಲೆಗಳ ಒಂದು ಜರಿಗಿಡವನ್ನು ಹಕೀಮರು ‘ಪರ್ಸಿಯಾವಶಾನ್’ ಎಂದು ಕರೆದು ಕೆಮ್ಮಿನ ಔಷಧಗಳಲ್ಲಿ ಬಳಸುತ್ತಾರೆ. ಗಾಯದ ರಕ್ತ ನಿಲ್ಲಿಸಲು ಬಳಸುವ ಒಂದು ಕೆಂಪು ಅಂಟಿಗೆ ‘ಖೂನೆ ಸಿಯಾವಶಾನ್’, ಅಂದರೆ ಸಿಯಾವಶನ ರಕ್ತ ಎಂದೇ ಹೆಸರು.

ಇನ್ನು ಈ ಹೆಸರನ್ನು ಹೊತ್ತ ಮನುಷ್ಯರ ಮಾತಿಗೆ ಬರೋಣ. ಇಸ್ಲಾಮಿಗೆ ಮೊದಲು ಇರಾನನ್ನು ಆಳಿದ ಸಸಾನಿ ಮನೆತನದ ದೊರೆ ಕವಾದನನ್ನು ಸೆರೆಮನೆಯಿಂದ ಬಿಡಿಸಿ ಮರಳಿ ಸಿಂಹಾಸನಕ್ಕೇರಲು ನೆರವಾದ ಒಬ್ಬ ಸಿಯಾವಶ್ ಆರನೆಯ ಶತಮಾನದ ಆರಂಭದಲ್ಲಿ ಸೇನೆಯ ಅತ್ಯುನ್ನತ ಪದವಿಯಲ್ಲಿದ್ದ. ಗ್ರೀಕ್ ಇತಿಹಾಸಕಾರ ಪ್ರೊಕೋಪಿಯಸ್ ಇವನನ್ನು ಸಿಯೋಸಿಸ್ ಎಂದು ಬರೆದಿದ್ದಾನೆ. ಅದೇ ದೊರೆಯ ಕಾಲದಲ್ಲಿಯೇ ವಿಚಾರಣೆಗೆ ಗುರಿಯಾಗಿ ಇವನೂ ಮರಣದಂಡನೆಗೆ ಒಳಗಾದ. ಸತ್ತ ಹೆಂಡತಿಯನ್ನು ಮಣ್ಣಿನಲ್ಲಿ ಹೂಳಿ ಇರಾನಿನ ಕಟ್ಟಳೆ ಮುರಿದನೆಂಬುದು ಅವನ ಮೇಲಿದ್ದ ಆರೋಪಗಳಲ್ಲಿ ಒಂದು. ಹೆಸರಿನ ಹಣೆಬರಹ ಮನುಷ್ಯನಿಗೆ ತಗಲುತ್ತದೆಂದು ನಾನು ನಂಬುವವನಲ್ಲ, ಆದರೆ ಈ ಪ್ರಸಂಗವನ್ನು ಓದಿದಾಗ ಮನಸ್ಸು ಒಂದು ಕ್ಷಣ ಅಳುಕಿದ್ದು ನಿಜ. ಹದಿನಾರನೆಯ ಶತಮಾನದಲ್ಲಿ ಇರಾನಿನ ದೊರೆ ಶಾಹ್ ತಹಮಾಸ್ಪನ ಆಸ್ಥಾನದಲ್ಲಿ ಸಿಯಾವಶ್ ಬೇಗ್ ಎಂಬ ಚಿತ್ರಕಾರನಿದ್ದ. ಹುಟ್ಟಿನಿಂದ ಅವನು ಜಾರ್ಜಿಯಾದವನು. ಅದೇ ಶತಮಾನದ ಕೊನೆಯಲ್ಲಿ ಆಟೊಮನ್ ಸಾಮ್ರಾಜ್ಯದ ಮಹಾವಜೀರನಾಗಿ ಮೂರು ಬಾರಿ ಅಧಿಕಾರ ನಡೆಸಿದ ಸಿಯಾವುಶ್ ಪಾಷಾ ಕ್ರೊವೇಷಿಯಾ ಮೂಲದವನು. ಶಾಹನಾಮೆಯನ್ನು ಓದುತ್ತಿದ್ದ ಅರಮನೆಗಳು ತಮ್ಮಲ್ಲಿಗೆ ಬಂದ ಅನ್ಯದೇಶದ ಹುಡುಗರಿಗೆ ಅಲ್ಲಿಂದಲೇ ಹೆಸರುಗಳನ್ನು ಆರಿಸಿಕೊಡುತ್ತಿದ್ದವು.

ಹೆಸರು ದೇಶ ದಾಟಿದಾಗ ರೂಪವೂ ಬದಲಾಗುತ್ತದೆ. ಅರ್ಮೇನಿಯದಲ್ಲಿ ಇದು ‘ಶವರ್ಶ್’. ಇರಾನಿನವರು ಕಳೆದುಕೊಂಡ ‘ರ್’ ಧ್ವನಿಯನ್ನು ಅರ್ಮೇನಿಯದವರು ಇಂದಿಗೂ ಉಳಿಸಿಕೊಂಡಿದ್ದಾರೆ. 1976ರ ಸೆಪ್ಟೆಂಬರಿನಲ್ಲಿ ಯೆರೆವಾನ್ ನಗರದ ಕೆರೆಗೆ ಜನ ತುಂಬಿದ ಟ್ರಾಲಿಬಸ್ಸೊಂದು ಉರುಳಿ ಮುಳುಗಿದಾಗ, ದಡದಲ್ಲಿ ಓಡುತ್ತಿದ್ದ ಈಜುಗಾರ ಶವರ್ಶ್ ಕರಪೆಟ್ಯಾನ್ ಮತ್ತೆಮತ್ತೆ ನೀರಿಗೆ ಧುಮುಕಿ, ಗಾಜು ಒಡೆದು, 20 ಜನರ ಜೀವ ಉಳಿಸಿದರು. ಆ ನಂತರ ಬಂದ ಕಾಯಿಲೆಯಿಂದ ಅವರ ಕ್ರೀಡಾಜೀವನವೇ ಮುಗಿಯಿತು. ಈ ಹೆಸರು ಹೊತ್ತವರಲ್ಲಿ ನಾನು ಅತ್ಯಂತ ಗೌರವದಿಂದ ನೆನೆಯುವುದು ಇವರನ್ನು.

ನಮ್ಮ ದೇಶದ ಪಾರ್ಸಿಗಳಲ್ಲಿ ಇದು ‘ಶಿಯಾವಕ್ಷ್’. ನವಸಾರಿಯಲ್ಲಿ 1914ರಲ್ಲಿ ಹುಟ್ಟಿ, ನರ್ತಕರ ಭಂಗಿಗಳನ್ನು ರೇಖೆಗಳಲ್ಲಿ ಹಿಡಿದ ಕಲಾವಿದ ಶಿಯಾವಕ್ಷ್ ಚಾವ್ಡಾ ಅವರ ಹೆಸರನ್ನು ಚಿತ್ರಕಲೆ ಬಲ್ಲವರು ಕೇಳಿರುತ್ತಾರೆ. ಸಸಾನಿಗಳ ಕಾಲದ ‘ಸಿಯಾವಖ್ಶ್’ ಎಂಬ ಉಚ್ಚಾರಕ್ಕೆ ಇಂದಿನ ತೆಹರಾನಿನವರ ಬಾಯಿಗಿಂತ ಪಾರ್ಸಿಗಳ ಬಾಯಿ ಹತ್ತಿರವಾಗಿದೆ.

ಇಂದಿನ ಇರಾನಿನಲ್ಲಿ ಮಕ್ಕಳಿಗೆ ಹೆಸರಿಡುವವರು ಒಂದೋ ಪ್ರವಾದಿಯ ಮನೆತನದ ಹೆಸರುಗಳನ್ನು, ಇಲ್ಲವೇ ಆರಾದ್, ರಾದೀನ್ ಎಂಬಂಥ, ಪಾರಸಿಯೆನಿಸಿಕೊಂಡ ಹೊಸ ಬಗೆಯ ಚಿಕ್ಕ ಹೆಸರುಗಳನ್ನು ಆರಿಸಿಕೊಳ್ಳುವುದೇ ಹೆಚ್ಚು. ಸಿಯಾವಶ್ ಎಂದೊಡನೆ ನೆನಪಾಗುವ ಸಾರ್ವಜನಿಕ ವ್ಯಕ್ತಿಗಳು ಹಿಂದಿನ ತಲೆಮಾರಿನವರು: 1927ರಲ್ಲಿ ಹುಟ್ಟಿದ ಕವಿ ಸಿಯಾವಶ್ ಕಸ್ರಾಯಿ, 1945ರಲ್ಲಿ ಹುಟ್ಟಿದ ಗಾಯಕ ಸಿಯಾವಶ್ ಗೊಮೈಶಿ. ನಿರಪರಾಧಿಯಾಗಿ ಸತ್ತವನ ಹೆಸರನ್ನು ಮಗುವಿಗೆ ಇಡಲು ತಂದೆತಾಯಿಗಳು ಹಿಂಜರಿಯುತ್ತಾರೆಯೇ? ಅಷ್ಟೇ ಕಾರಣವಿರಲಾರದು; ಚಕ್ರವ್ಯೂಹದಲ್ಲಿ ಸತ್ತ ಅಭಿಮನ್ಯುವಿನ ಹೆಸರನ್ನು ನಾವು ಮಕ್ಕಳಿಗೆ ಪ್ರೀತಿಯಿಂದ ಇಡುತ್ತೇವಲ್ಲ. ಸಿಯಾವಶ್ ಎಂದು ಹೆಸರಿಡುವ ಇರಾನಿ ಕುಟುಂಬ, ಶಾಹನಾಮೆಯನ್ನು ಮನೆಯ ಪುಸ್ತಕವೆಂದು ಭಾವಿಸಿದ ಕುಟುಂಬವಾಗಿರುವ ಸಂಭವ ಹೆಚ್ಚು ಎಂದು ಮಾತ್ರ ನಾನು ಹೇಳಬಲ್ಲೆ.

ಕೊನೆಯಲ್ಲಿ, ಬಾನುಲಿಯಲ್ಲಿ ಕುಳಿತು ಹೇಳಲೇಬೇಕಾದ ಒಂದು ಪ್ರಸಂಗವಿದೆ. ಮಶ್ಹದ್ ನಗರದಲ್ಲಿ 1940ರಲ್ಲಿ ಹುಟ್ಟಿದ ಮೊಹಮ್ಮದ್ ರೆಝಾ ಶಜರಿಯಾನ್ ಅವರ ತಂದೆ ಕುರಾನನ್ನು ಸ್ವರಬದ್ಧವಾಗಿ ಪಠಿಸುತ್ತಿದ್ದವರು. ಮಗ ಸಂಗೀತ ಹಾಡುವುದು ಅವರಿಗೆ ಒಪ್ಪಿಗೆಯಿರಲಿಲ್ಲ. ಹಾಗಾಗಿ 1960ರ ದಶಕದ ಕೊನೆಯಲ್ಲಿ ತೆಹರಾನ್ ಬಾನುಲಿಯಲ್ಲಿ ಹಾಡತೊಡಗಿದ ಮಗ ತನ್ನ ನಿಜನಾಮವನ್ನು ಮರೆಮಾಡಿ ‘ಸಿಯಾವಶ್ ಬೀದಕಾನಿ’ ಎಂಬ ಹೆಸರಿಟ್ಟುಕೊಂಡರು. ತಂದೆಯೊಡನೆ ಭಿನ್ನಾಭಿಪ್ರಾಯವಾಗಿ ದೂರ ಹೋದ ರಾಜಕುಮಾರನ ಹೆಸರನ್ನೇ ಅವರು ಆರಿಸಿಕೊಂಡದ್ದನ್ನು ಕೇವಲ ಕಾಕತಾಳೀಯವೆಂದು ನೋಡಲು ನನಗೆ ಮನಸ್ಸು ಬರುವುದಿಲ್ಲ. ಕೆಲವೇ ವರ್ಷಗಳಲ್ಲಿ ಆ ಮರೆಯ ಹೆಸರನ್ನು ಬಿಟ್ಟು ತಮ್ಮ ಹೆಸರಿನಲ್ಲಿಯೇ ಹಾಡಿದ ಅವರು ಇರಾನಿನ ಶಾಸ್ತ್ರೀಯ ಸಂಗೀತದ ದೊಡ್ಡ ದನಿಯಾದರು. 2020ರ ಅಕ್ಟೋಬರಿನಲ್ಲಿ ತೀರಿಕೊಂಡಾಗ ಅವರ ಪಾರ್ಥಿವ ಶರೀರವನ್ನು ತೂಸ್ ಊರಿಗೆ ಕೊಂಡೊಯ್ದು, ಸಿಯಾವಶನ ಕಥೆಯನ್ನು ಹಾಡಿದ ಫಿರ್ದೌಸಿಯ ಸಮಾಧಿಯ ಪಕ್ಕದಲ್ಲಿ ಮಣ್ಣು ಮಾಡಲಾಯಿತು.

ನಮಸ್ಕಾರ.