ಬಣ್ಣ ಆಮೇಲೆ ನೋಡೋಣ, ಮೊದಲು ಬೆಲೆ ಎಲ್ಲಿದೆ ತೋರಿಸಿ

ನಮಸ್ಕಾರ. ಸಣ್ಣ ವ್ಯಾಪಾರದವರ ಬ್ಲಾಗ್ ನೋಡಿ ಅಭಿಪ್ರಾಯ ಹೇಳುವವರು ಈಗ ತುಂಬಾ ಜನ ಇದ್ದಾರೆ. ನಾನೂ ಅದೇ ಕೆಲಸ ಮಾಡುತ್ತೇನೆ. ಇದರಲ್ಲಿ ಎಲ್ಲರೂ ಹಿಡಿದಿರುವ ದಾರಿ ಒಂದೇ. ದೊಡ್ಡ ಮಾನಿಟರ್‌ನಲ್ಲಿ ಹೋಮ್ ಪೇಜ್ ತೆರೆಯುವುದು. ಲೋಗೋ ಚೆನ್ನಾಗಿದೆ, ಬಣ್ಣ ಹೊಂದುತ್ತಿಲ್ಲ, ಬ್ಯಾನರ್ ಇನ್ನೂ ದೊಡ್ಡದಿರಬೇಕಿತ್ತು ಅನ್ನುವುದು. ಕೊನೆಗೆ ಹತ್ತಕ್ಕೆ ಏಳು ಅಂಕ. ಬರಹದ ಬಗ್ಗೆ ಕೇಳಿದರೆ, "ಕಂಟೆಂಟ್ ಪರವಾಗಿಲ್ಲ, ವಾರಕ್ಕೊಂದು ಹಾಕ್ತಾ ಇರಿ" ಅಂತ ಒಂದೇ ಮಾತು.

ಈ ಕ್ರಮವೇ ತಲೆಕೆಳಗು ಅಂತ ನನಗೆ ಅನ್ನಿಸುತ್ತದೆ. ಗ್ರಾಹಕರು ಅಂಗಡಿಗೆ ಬಂದು ಏನು ಕೇಳುತ್ತಾರೋ ಅದಕ್ಕೆ ಬ್ಲಾಗಿನಲ್ಲಿ ಉತ್ತರ ಇದೆಯಾ? ಮೊದಲು ನೋಡಬೇಕಾದದ್ದು ಅದು. ಉತ್ತರವೇ ಇಲ್ಲದಿದ್ದರೆ ಅದಕ್ಕೆ ಎಂಥ ಡಿಸೈನ್ ಮಾಡಿಸಿದರೂ ದುಡ್ಡು ದಂಡ.

ಒಂದು ಉದಾಹರಣೆ ತಗೊಳ್ಳೋಣ. ಹಾವೇರಿ ಜಿಲ್ಲೆಯ ಬ್ಯಾಡಗಿಯಲ್ಲಿ ಒಂದು ಮೆಣಸಿನಕಾಯಿ ಅಂಗಡಿ ಅಂದುಕೊಳ್ಳಿ. ಆನ್‌ಲೈನ್‌ನಲ್ಲೂ ಮಾರಬೇಕು ಅಂತ ಬ್ಲಾಗ್ ಶುರು ಮಾಡಿದ್ದಾರೆ. ಇಂಥ ಬ್ಲಾಗಿನಲ್ಲಿ ಸಾಮಾನ್ಯವಾಗಿ ಏನಿರುತ್ತದೆ? ಮೆಣಸಿನಕಾಯಿಯನ್ನು ನಮ್ಮ ದೇಶಕ್ಕೆ ತಂದದ್ದು ಪೋರ್ಚುಗೀಸರು ಅನ್ನುವ ಇತಿಹಾಸ. ಅದರಲ್ಲಿ ಯಾವ ವಿಟಮಿನ್ ಇದೆ ಅನ್ನುವ ಪಟ್ಟಿ. ಮೆಣಸಿನಕಾಯಿ ತಿಂದರೆ ಆಗುವ ಹತ್ತು ಲಾಭಗಳು. ಇದರಲ್ಲಿ ಸುಳ್ಳು ಏನೂ ಇಲ್ಲದಿರಬಹುದು. ಆದರೆ ಇದನ್ನು ಬರೆಯುವುದಕ್ಕೆ ಬ್ಯಾಡಗಿಯ ಅಂಗಡಿಯವರೇ ಬೇಕಾ? ಬ್ಯಾಡಗಿ ಯಾವ ದಿಕ್ಕಿಗಿದೆ ಅಂತ ಗೊತ್ತಿಲ್ಲದವರೂ ಬರೆಯಬಹುದು.

ಈಗ ಅದೇ ಅಂಗಡಿಯ ಫೋನ್ ಹತ್ತಿರ ಅರ್ಧ ದಿನ ಕೂತರೆ ಏನು ಕೇಳಿಸುತ್ತದೆ ನೋಡಿ. ಡಬ್ಬಿ ಇದೆಯಾ, ಕಡ್ಡಿ ಇದೆಯಾ? ತೊಟ್ಟು ತೆಗೆದದ್ದಾ, ತೊಟ್ಟು ಇರೋದಾ? ಈ ಸಲದ ಮಾಲಾ, ಕೋಲ್ಡ್ ಸ್ಟೋರೇಜ್‌ನದಾ? ಬರೀ ಬ್ಯಾಡಗಿ ಹಾಕಿ ಸಾರಿನ ಪುಡಿ ಮಾಡಿದರೆ ಖಾರ ಸಾಕಾಗುತ್ತಾ, ಗುಂಟೂರು ಕಾಯಿ ಬೆರೆಸಬೇಕಾ? ಒಂದು ಕೆಜಿ ಕಾಯಿ ಬೀಸಿದರೆ ಪುಡಿ ಎಷ್ಟು ಸಿಗುತ್ತೆ? ಎಷ್ಟು ತಿಂಗಳು ಇಟ್ಟರೆ ಬಣ್ಣ ಹೋಗುತ್ತೆ?

ಇವೇ ನಿಮ್ಮ ಬ್ಲಾಗಿನ ಲೇಖನಗಳು. ಒಂದೊಂದು ಪ್ರಶ್ನೆಗೆ ಒಂದೊಂದು ಪೇಜ್. ಡಬ್ಬಿ ಗಿಡ್ಡ, ದಪ್ಪ. ಕಡ್ಡಿ ಉದ್ದ, ಸಪೂರ, ಸುಕ್ಕು ಸುಕ್ಕು. ಎರಡನ್ನೂ ಅಂಗೈ ಮೇಲೆ ಇಟ್ಟುಕೊಂಡು ಹಗಲು ಬೆಳಕಿನಲ್ಲಿ ಒಂದು ಫೋಟೋ ತೆಗೆಯಿರಿ. ಯಾವ ಅಡುಗೆಗೆ ಯಾವುದನ್ನು ನಿಮ್ಮ ಗ್ರಾಹಕರು ಕೇಳಿ ಒಯ್ಯುತ್ತಾರೆ ಅಂತ ನಾಲ್ಕು ಸಾಲು ಬರೆಯಿರಿ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು, ಅಂದರೆ ಜಿಐ ಟ್ಯಾಗ್, ಸಿಕ್ಕಿದೆ, ಅದನ್ನೂ ಹೇಳಿ. ಆದರೆ ಸುಮ್ನೆ ಜಿಐ ಟ್ಯಾಗ್ ಅಂತ ಲೋಗೋ ಅಂಟಿಸಿದರೆ ಸಾಲದು. ಬೇರೆ ಕಡೆಯ ಕಾಯಿ ಬೆರೆಸಿದ್ದರೆ ನೋಡಿ ಗುರುತು ಹಿಡಿಯುವುದು ಹೇಗೆ ಅಂತ ನಿಮಗೆ ಗೊತ್ತಲ್ಲ, ಅದನ್ನು ತೋರಿಸಿ. ಆ ತಿಳಿವಳಿಕೆ ಬೇರೆ ಯಾರ ಹತ್ತಿರವೂ ಇಲ್ಲ.

"ನಮಗೆ ಬರೆಯೋಕೆ ಬರಲ್ಲ" ಅನ್ನುವ ಮಾತು ಬಹಳ ಕೇಳುತ್ತೇನೆ. ನಾನು ಇದನ್ನು ಒಪ್ಪುವುದಿಲ್ಲ. ನಿಮ್ಮ ವಾಟ್ಸಾಪ್ ತೆಗೆದು ನೋಡಿ. ಗ್ರಾಹಕರಿಗೆ ಕಳಿಸಿದ ಉತ್ತರಗಳು ಅಲ್ಲೇ ಇವೆ. ಸ್ಪಷ್ಟವಾಗಿವೆ, ಚಿಕ್ಕದಾಗಿವೆ, ನಿಮ್ಮದೇ ಮಾತಿನಲ್ಲಿವೆ. ವಾಯ್ಸ್ ಮೆಸೇಜ್ ಕಳಿಸಿದ್ದರೆ ಅದನ್ನೇ ಕೇಳಿಕೊಂಡು ಟೈಪ್ ಮಾಡಿಸಿ. ಬ್ಲಾಗ್ ಅಂದ ಕೂಡಲೇ ಬೇರೆ ಯಾರದೋ ದನಿ ಹಾಕಿಕೊಂಡು "ಇಂದಿನ ವೇಗದ ಜಗತ್ತಿನಲ್ಲಿ" ಅಂತ ಶುರು ಮಾಡುತ್ತೀರಲ್ಲ, ಅಲ್ಲೇ ಓದುವವರು ಎದ್ದು ಹೋಗುತ್ತಾರೆ.

ಬೆಲೆಯ ವಿಷಯಕ್ಕೆ ಬರುತ್ತೇನೆ. ನನಗೆ ನಿಜವಾಗಿಯೂ ಸಿಟ್ಟು ಬರುವುದು ಇಲ್ಲಿ. "ಬೆಲೆಗೆ ಇನ್‌ಬಾಕ್ಸ್ ಮಾಡಿ." ಸೀರೆ ಇರಲಿ, ಚನ್ನಪಟ್ಟಣದ ಗೊಂಬೆ ಇರಲಿ, ಮನೆ ಪೇಂಟಿಂಗ್ ಇರಲಿ, ಎಲ್ಲದಕ್ಕೂ ಇದೇ ಮಾತು. ಕಾರಣ ಕೇಳಿದರೆ, ಪಕ್ಕದವರು ನೋಡಿಬಿಡುತ್ತಾರೆ ಅಂತಾರೆ, ರೇಟ್ ದಿನಾ ಬದಲಾಗುತ್ತೆ ಅಂತಾರೆ. ಪಕ್ಕದವರಿಗೆ ನಿಮ್ಮ ರೇಟ್ ಆಗಲೇ ಗೊತ್ತು. ಗೊತ್ತಿಲ್ಲದೆ ಇರುವುದು ಕೊಳ್ಳುವವರಿಗೆ ಮಾತ್ರ.

ಅಮೆರಿಕದ ವರ್ಜೀನಿಯಾದಲ್ಲಿ ಈಜುಕೊಳ ಹಾಕಿಕೊಡುವ ರಿವರ್ ಪೂಲ್ಸ್ ಅನ್ನುವ ಸಣ್ಣ ಕಂಪನಿ ಇತ್ತು. 2008ರ ಆರ್ಥಿಕ ಕುಸಿತದಲ್ಲಿ ಮುಳುಗುವ ಸ್ಥಿತಿಗೆ ಬಂತು. ಅದರ ಪಾಲುದಾರರಲ್ಲಿ ಒಬ್ಬರಾದ ಮಾರ್ಕಸ್ ಶೆರಿಡನ್ 2009ರಲ್ಲಿ ಒಂದು ಕೆಲಸ ಮಾಡಿದರು. ಗ್ರಾಹಕರು ಕೇಳುತ್ತಿದ್ದ ಪ್ರಶ್ನೆಗಳನ್ನೆಲ್ಲ ಬರೆದುಕೊಂಡು, ಒಂದೊಂದಕ್ಕೂ ಕಂಪನಿಯ ಬ್ಲಾಗಿನಲ್ಲಿ ಉತ್ತರ ಹಾಕುತ್ತಾ ಹೋದರು. ಫೈಬರ್‌ಗ್ಲಾಸ್ ಈಜುಕೊಳಕ್ಕೆ ಖರ್ಚು ಎಷ್ಟು? ಅದರಲ್ಲಿ ಬರುವ ತೊಂದರೆಗಳು ಏನು? ಹೌದು, ತಾವು ಮಾರುವ ಮಾಲಿನ ತೊಂದರೆಗಳನ್ನೂ ಬರೆದರು. ಖರ್ಚಿನ ಲೇಖನದಲ್ಲಿ ಒಂದೇ ಬೆಲೆ ಹೇಳಲಿಲ್ಲ. ಯಾವುದರಿಂದ ಜಾಸ್ತಿ ಆಗುತ್ತದೆ, ಯಾವುದರಿಂದ ಕಡಿಮೆ ಆಗುತ್ತದೆ, ಸುಮಾರು ಎಷ್ಟರಿಂದ ಎಷ್ಟರವರೆಗೆ ಅಂತ ಬಿಡಿಸಿ ಹೇಳಿದರು. ಆ ಒಂದೇ ಲೇಖನದಿಂದ ಹಲವು ಮಿಲಿಯನ್ ಡಾಲರ್ ವ್ಯಾಪಾರ ಬಂತು ಅಂತ ಅವರೇ ಹೇಳಿಕೊಂಡಿದ್ದಾರೆ. ಕಂಪನಿ ಉಳಿಯಿತು.

ಇದು ಬ್ಯಾಡಗಿಗೂ ಸರಿಹೋಗುತ್ತದೆ. ದರ ದಿನಾ ಬದಲಾಗುತ್ತದೆ, ನಿಜ. ಹಾಗಾದರೆ ತಾರೀಖು ಹಾಕಿ ಬರೆಯಿರಿ. ಇವತ್ತಿನ ದರ ಇಷ್ಟು, ಮಾರುಕಟ್ಟೆಗೆ ಆವಕ ಜೋರಾದರೆ ಇಳಿಯುತ್ತದೆ, ಮಳೆಗಾಲದ ಹೊತ್ತಿಗೆ ಕೋಲ್ಡ್ ಸ್ಟೋರೇಜ್ ಮಾಲು ಬರುವಾಗ ಬಾಡಿಗೆಯ ಖರ್ಚೂ ಸೇರುತ್ತದೆ ಅಂತ ಹೇಳಿ. ಕಾರಣ ಗೊತ್ತಾದರೆ ಜನ ಅಷ್ಟು ಚೌಕಾಸಿ ಮಾಡುವುದಿಲ್ಲ.

ಇನ್ನು ಮಾರ್ಕೆಟಿಂಗ್ ಬ್ಲಾಗ್‌ಗಳು, ಅಂದರೆ ಸಣ್ಣ ವ್ಯಾಪಾರದವರಿಗೆ ಪಾಠ ಹೇಳುವವು. ಇವನ್ನು ವಿಮರ್ಶೆ ಮಾಡುವವರೇ ಕಡಿಮೆ. ಯಾರಾದರೂ ಮಾಡಬೇಕು. ಏಕೆಂದರೆ ಅಂಗಡಿಯವರು ಆ ಇತಿಹಾಸ, ವಿಟಮಿನ್ ಎಲ್ಲ ಬರೆದದ್ದು ಇವರ ಮಾತು ಕೇಳಿಯೇ. ಲೇಖನ ಕಡಿಮೆ ಅಂದರೆ 1500 ಪದ ಇರಬೇಕು, ಕೀವರ್ಡ್, ಅಂದರೆ ಜನ ಗೂಗಲ್‌ನಲ್ಲಿ ಹುಡುಕುವ ಪದ, ಇಷ್ಟು ಸಲ ಬರಬೇಕು ಅಂತ ಇವರು ಹೇಳಿಕೊಟ್ಟರು. ಗೂಗಲ್ ತನ್ನ ಸೂಚನೆಗಳಲ್ಲಿ ನೇರವಾಗಿ ಬರೆದಿದೆ: ನಮಗೆ ಇಷ್ಟೇ ಪದ ಬೇಕು ಅಂತ ಏನೂ ಇಲ್ಲ. 2022ರ ಆಗಸ್ಟ್‌ನಲ್ಲಿ, ಜನರಿಗೆ ಉಪಯೋಗವಾಗುವ ಬರಹಕ್ಕೆ ಆದ್ಯತೆ ಅಂತ ಒಂದು ದೊಡ್ಡ ಬದಲಾವಣೆ ತಂದಿತು. ಅದೇ ವರ್ಷ ಡಿಸೆಂಬರ್‌ನಲ್ಲಿ, ಬರಹದ ಗುಣಮಟ್ಟ ಅಳೆಯುವವರಿಗೆ ಕೊಡುವ ಮಾರ್ಗಸೂಚಿಯಲ್ಲಿ ಬರೆದವರ ಸ್ವಂತ ಅನುಭವವನ್ನೂ ಸೇರಿಸಿತು. ಸ್ವಂತ ಅನುಭವ ಅಂದರೆ ಬ್ಯಾಡಗಿಯ ಅಂಗಡಿಯವರ ಹತ್ತಿರ ರಾಶಿ ಇದೆ ಅಲ್ವಾ? ಅದನ್ನು ಬಿಡಿಸಿ ವಿಟಮಿನ್ ಪಟ್ಟಿ ಬರೆಸಿದವರು ಯಾರು?

ಮಾರ್ಕೆಟಿಂಗ್ ಬರಹದಲ್ಲಿ ದೊಡ್ಡ ಹೆಸರು ಸೇತ್ ಗೋಡಿನ್. ವರ್ಷಗಳಿಂದ ದಿನಕ್ಕೊಂದು ಬರೆಯುತ್ತಾರೆ. ಎಷ್ಟೋ ದಿನ ನಾಲ್ಕೈದು ಸಾಲು, ಅಷ್ಟೇ. ಡಿಸೈನ್ ಅಂತ ನೋಡಲು ಏನೂ ಇಲ್ಲ, ಬಿಳಿ ಪುಟದ ಮೇಲೆ ಅಕ್ಷರ. ಹೇಳಲು ಇದ್ದದ್ದನ್ನು ಹೇಳಿ ನಿಲ್ಲಿಸುತ್ತಾರೆ, ಜನ ಓದುತ್ತಾರೆ.

ನಮ್ಮ ಮಾರ್ಕೆಟಿಂಗ್ ಬ್ಲಾಗ್‌ಗಳ ಇನ್ನೊಂದು ತೊಂದರೆ ಕ್ಯಾಲೆಂಡರ್. ನವೆಂಬರ್ ಬಂದರೆ ಬ್ಲ್ಯಾಕ್ ಫ್ರೈಡೇಗೆ, ಅಂದರೆ ಅಮೆರಿಕದವರ ಡಿಸ್ಕೌಂಟ್ ದಿನಕ್ಕೆ, ತಯಾರಾಗಿ ಅಂತಾರೆ. ದಾವಣಗೆರೆಯ ಬಟ್ಟೆ ಅಂಗಡಿಗೆ ಬ್ಲ್ಯಾಕ್ ಫ್ರೈಡೇ ಯಾಕೆ? ಅವರಿಗೆ ಆಷಾಢ ಇದೆ. ಮದುವೆ ಇಲ್ಲದ ತಿಂಗಳಲ್ಲಿ ಮಾಲು ಖಾಲಿ ಮಾಡುವ ಡಿಸ್ಕೌಂಟ್ ಇದೆ. ಶ್ರಾವಣದಲ್ಲಿ ವರಮಹಾಲಕ್ಷ್ಮಿ ಹಬ್ಬ, ಆಮೇಲೆ ಗೌರಿ ಗಣೇಶ, ದಸರಾ, ದೀಪಾವಳಿ. ಚಿನ್ನದ ಅಂಗಡಿಗೆ ಅಕ್ಷಯ ತೃತೀಯ. ವರಮಹಾಲಕ್ಷ್ಮಿಗೆ ಎಷ್ಟು ದಿನ ಮುಂಚೆ ಸೀರೆಯ ಫೋಟೋ ಹಾಕಬೇಕು, ಬ್ಲೌಸ್ ಹೊಲಿಸಲು ದರ್ಜಿಗೆ ಎಷ್ಟು ದಿನ ಬೇಕು, ಆರ್ಡರ್‌ನ ಕೊನೇ ದಿನ ಯಾವುದು ಅಂತ ಲೆಕ್ಕ ಹಾಕಿ ಹೇಳಲಿ. ಅಂಥ ಬ್ಲಾಗ್ ಸಿಕ್ಕರೆ ನಾನು ಎಲ್ಲರಿಗೂ ಹೇಳಿಕೊಂಡು ಬರುತ್ತೇನೆ.

ಹಾಗಂತ ಡಿಸೈನ್ ಬೇಡ ಅಂತಲ್ಲ. ಬೇಕು, ಆದರೆ ಓದಿಸುವುದಕ್ಕೆ ಬೇಕು. ಕನ್ನಡದ ಬ್ಲಾಗ್ ಆದರೆ ಇದರ ಕಷ್ಟ ಇನ್ನೂ ಜಾಸ್ತಿ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಇಂಗ್ಲಿಷ್‌ನಲ್ಲಿ ಡಿಸೈನ್ ಪಾಠ ಹೇಳುವವರು ಇದನ್ನು ಹೇಳುವುದೇ ಇಲ್ಲ.

ವ್ಯಾಪಾರದ ಪೇಜ್‌ಗಳಲ್ಲಿ ತಪ್ಪದೆ ಬರುವ ಒಂದು ತಲೆಬರಹ "ನಮ್ಮ ವೈಶಿಷ್ಟ್ಯಗಳು". ಇದರಲ್ಲಿ "ಷ್ಟ್ಯ" ನೋಡಿ. ಷಕಾರಕ್ಕೆ ಎರಡು ಒತ್ತು, ಟಕಾರದ್ದು ಮತ್ತು ಯಕಾರದ್ದು. ಅವಕ್ಕೆ ಸಾಲಿನ ಕೆಳಗೆ ಜಾಗ ಬೇಕು. ಇಂಗ್ಲಿಷ್ ಅಕ್ಷರಕ್ಕೆ ಅಂತ ಮಾಡಿದ ಟೆಂಪ್ಲೇಟ್‌ನಲ್ಲಿ ಸಾಲುಗಳ ನಡುವೆ ಅಷ್ಟು ಜಾಗ ಬಿಟ್ಟಿರುವುದಿಲ್ಲ. ಆಗ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಹೋಗಿ ತಾಗುತ್ತದೆ. "ಇನ್ನಷ್ಟು ಓದಿ" ಅನ್ನುವ ಬಟನ್‌ನಲ್ಲಿ ಒತ್ತಿನ ಕೆಳಭಾಗ ಕತ್ತರಿಸಿಯೇ ಹೋಗಿರುತ್ತದೆ. ಪರಿಹಾರ ಸುಲಭ. ಸಾಲುಗಳ ನಡುವಿನ ಅಂತರ ಹೆಚ್ಚಿಸಿ, ಬಟನ್ ಸ್ವಲ್ಪ ಎತ್ತರ ಮಾಡಿ. ಡಿಸೈನ್ ಮಾಡುವವರಿಗೆ ಇಂಗ್ಲಿಷ್ ಪದ ಕೊಟ್ಟು ನೋಡಬೇಡಿ, "ವೈಶಿಷ್ಟ್ಯ" ಅನ್ನುವ ಪದವನ್ನೇ ಕೊಟ್ಟು ನೋಡಿ.

ಇನ್ನೊಂದು, ತೆಳು ಬೂದು ಬಣ್ಣದ ಅಕ್ಷರ. ನೋಡಲು ನಾಜೂಕಾಗಿರುತ್ತದೆ. ಆದರೆ ಕನ್ನಡದಲ್ಲಿ ಪಕಾರಕ್ಕೂ ಷಕಾರಕ್ಕೂ ಇರುವ ವ್ಯತ್ಯಾಸ ಒಳಗಿನ ಒಂದು ಸಣ್ಣ ಗೆರೆ. ಬಿಸಿಲಿನಲ್ಲಿ ಮೊಬೈಲ್ ಹಿಡಿದರೆ ಆ ಗೆರೆ ಕಾಣುವುದೇ ಇಲ್ಲ. ವೆಬ್‌ಗೆ ಒಪ್ಪಿಕೊಂಡಿರುವ ಒಂದು ಅಳತೆ ಇದೆ: ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರಷ್ಟು ಹೊಳಪಿನ ವ್ಯತ್ಯಾಸ (ಕಾಂಟ್ರಾಸ್ಟ್) ಇರಬೇಕು. ನಮ್ಮ ಲಿಪಿಗೆ ಅದಕ್ಕಿಂತ ಜಾಸ್ತಿಯೇ ಇರಲಿ ಅನ್ನುತ್ತೇನೆ. ಫಾಂಟ್‌ಗೆ ಕೊರತೆ ಇಲ್ಲ. ನೋಟೋ ಸಾನ್ಸ್ ಕನ್ನಡ, ಅನೇಕ್ ಕನ್ನಡ ಎರಡೂ ಉಚಿತ, ಬೇರೆ ಬೇರೆ ದಪ್ಪದಲ್ಲಿ ಸಿಗುತ್ತವೆ.

ನುಡಿ, ಬರಹ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶಗಳಲ್ಲಿ ಹಳೆಯ ಫಾಂಟ್ ಇಟ್ಟು ಟೈಪ್ ಮಾಡಿದ್ದನ್ನು, ಎಲ್ಲ ಫೋನಿನಲ್ಲೂ ಓದಲು ಬರುವ ಯೂನಿಕೋಡ್‌ಗೆ ಬದಲಿಸದೆ ಹಾಗೇ ಅಂಟಿಸುವವರು ಈಗಲೂ ಇದ್ದಾರೆ. ಓದುವವರ ಫೋನಿನಲ್ಲಿ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ಆ ತಲೆನೋವೇ ಬೇಡ ಅಂತ ಕೆಲವರು ಎಲ್ಲ ಮಾಹಿತಿಯನ್ನೂ ಪೋಸ್ಟರ್ ಮಾಡಿ ಚಿತ್ರವಾಗಿ ಹಾಕುತ್ತಾರೆ. ವಿಳಾಸ ಕಾಪಿ ಮಾಡಲು ಆಗುವುದಿಲ್ಲ. ಕಣ್ಣು ಕಾಣದವರ ಸ್ಕ್ರೀನ್ ರೀಡರ್ ಅದನ್ನು ಓದಿ ಹೇಳುವುದಿಲ್ಲ. ಫೋನ್ ನಂಬರ್ ಒತ್ತಿದರೆ ಕಾಲ್ ಹೋಗುವುದಿಲ್ಲ. ಗ್ರಾಹಕರನ್ನು ಬಾಗಿಲವರೆಗೆ ಕರೆದು ವಾಪಸ್ ಕಳಿಸಿದ ಹಾಗಾಯಿತು.

ಆದ್ದರಿಂದ ನಾನು ಯಾವ ಬ್ಲಾಗನ್ನೂ ಕಂಪ್ಯೂಟರ್‌ನಲ್ಲಿ ಮೊದಲು ತೆರೆಯುವುದಿಲ್ಲ. ಕಡಿಮೆ ಬೆಲೆಯ ಮೊಬೈಲ್, ವೈಫೈ ಆಫ್, ಹೊರಗೆ ಬಿಸಿಲು. ಹೋಮ್ ಪೇಜ್‌ನಿಂದ ಶುರು ಮಾಡುವುದೂ ಇಲ್ಲ. ಎಷ್ಟೋ ಗ್ರಾಹಕರು ಬರುವುದು ವಾಟ್ಸಾಪ್‌ನಲ್ಲಿ ಯಾರೋ ಕಳಿಸಿದ ಲಿಂಕ್ ಒತ್ತಿ, ನೇರ ಒಳಗಿನ ಒಂದು ಪೇಜ್‌ಗೆ. ಪೇಜಿನ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು ಅಂತ ಗೂಗಲ್ ಹೇಳುತ್ತದೆ. ತಾನಾಗಿ ಓಡುವ ನಾಲ್ಕು ದೊಡ್ಡ ಬ್ಯಾನರ್ ಇಟ್ಟರೆ ಅದು ಕಷ್ಟ. ತೆಗೆದುಬಿಡಿ. ಜನ ವೆಬ್ ಪೇಜನ್ನು ಓದುವುದು ಹೇಗೆ ಅಂತ ವೆಬ್ ಬಳಕೆಯ ತಜ್ಞ ಜೇಕಬ್ ನೀಲ್ಸನ್ 1997ರಲ್ಲೇ ಪರೀಕ್ಷೆ ಮಾಡಿ ಬರೆದಿದ್ದಾರೆ. ನೂರಕ್ಕೆ 79 ಜನ ಬರೀ ಕಣ್ಣಾಡಿಸುತ್ತಾರೆ, ಪದ ಪದ ಓದುವವರು 16 ಜನ. ಹಾಗಾಗಿ ಉತ್ತರವನ್ನು ಮೊದಲ ಎರಡು ಸಾಲಿನಲ್ಲೇ ಇಡಿ. ವಿವರ ಬೇಕಾದವರು ಕೆಳಗೆ ಇಳಿಯುತ್ತಾರೆ.

ನಂಬಿಕೆಯ ವಿಷಯವನ್ನೂ ನೋಡುತ್ತೇನೆ. ಆನ್‌ಲೈನ್‌ನಲ್ಲಿ ಮಾರುವವರು ತಮ್ಮ ನೋಂದಾಯಿತ ಹೆಸರು, ವಿಳಾಸ, ದೂರು ಕೇಳುವವರ ವಿವರ ಕೊಡಬೇಕು ಅಂತ 2020ರ ಇ-ಕಾಮರ್ಸ್ ನಿಯಮಗಳೇ ಹೇಳುತ್ತವೆ. ತಿನ್ನುವ ಪದಾರ್ಥ ಮಾರುವವರಿಗೆ ಆಹಾರ ಸುರಕ್ಷತಾ ಪ್ರಾಧಿಕಾರ ಕೊಡುವ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಇರುತ್ತದೆ, ಅದನ್ನು ಕಾಣುವ ಹಾಗೆ ಹಾಕಿ. ಗೋದಾಮು ತುಂಬಾ ಮಾಲು ಇಟ್ಟುಕೊಂಡು "ಇನ್ನು ಎರಡೇ ಪೀಸ್ ಬಾಕಿ" ಅಂತ ಹೆದರಿಸುವುದನ್ನು 2023ರ ನವೆಂಬರ್‌ನಲ್ಲಿ ಬಂದ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ ಮಾರ್ಗಸೂಚಿ ಮೋಸದ ತಂತ್ರಗಳ ಪಟ್ಟಿಗೆ ಸೇರಿಸಿದೆ. ಮಾರ್ಕೆಟಿಂಗ್ ಬ್ಲಾಗ್‌ಗಳು ಇದನ್ನು ಇವತ್ತಿಗೂ ಟಿಪ್ಸ್ ಅಂತ ಹೇಳಿಕೊಡುತ್ತಿದ್ದರೆ ನಂಬಬೇಡಿ.

ವಾರಕ್ಕೊಂದು ಹಾಕಲು ಆಗದಿದ್ದರೆ ಬೇಜಾರು ಮಾಡಿಕೊಳ್ಳಬೇಡಿ. ಜನ ದಿನಾ ಕೇಳುವ ಎಂಟು ಪ್ರಶ್ನೆಗೆ ಎಂಟು ಪೇಜ್ ಇರಲಿ. ದರ ಬದಲಾದಾಗ, ಹೊಸ ಮಾಲು ಬಂದಾಗ ಅವನ್ನೇ ತಿದ್ದಿ ತಾರೀಖು ಹಾಕಿ. ಹಬ್ಬದ ಶುಭಾಶಯದ ಪೋಸ್ಟರ್‌ಗಳಿಂದ ತುಂಬಿದ ನೂರು ಪೇಜ್‌ಗಿಂತ ಈ ಎಂಟು ನಿಮ್ಮ ಕೈ ಹಿಡಿಯುತ್ತವೆ.

ನಿಮ್ಮ ಬ್ಲಾಗ್ ನೋಡಬೇಕು ಅಂತಿದ್ದರೆ ಬರೀ ಲಿಂಕ್ ಕಳಿಸಬೇಡಿ. ಅಂಗಡಿಯಲ್ಲಿ, ಫೋನಿನಲ್ಲಿ ಜನ ಅತಿ ಹೆಚ್ಚು ಕೇಳುವ ಐದು ಪ್ರಶ್ನೆಗಳನ್ನು, ಅವರು ಕೇಳುವ ಮಾತಿನಲ್ಲೇ ಬರೆದು ಜೊತೆಗೆ ಕಳಿಸಿ. ಆ ಐದಕ್ಕೆ ಉತ್ತರ ಸಿಗುತ್ತದಾ ಅಂತ ಮೊದಲು ಹುಡುಕುತ್ತೇನೆ. ಲೋಗೋ, ಬಣ್ಣದ ಮಾತು ಅದಾದ ಮೇಲೆ.